ಕುದುರೆ ಮಸಾಲೆಯ ಲೆಕ್ಕ

ಹಳೆಯ ಪರ್ಷಿಯದ ಜನ ಈ ಗಿಡವನ್ನು ಅಸ್ಪಸ್ತ್ ಎಂದು ಕರೆದರು. ಅಸ್ಪ ಎಂದರೆ ಕುದುರೆ, ಸಂಸ್ಕೃತದ ಅಶ್ವಕ್ಕೆ ಒಡಹುಟ್ಟಿದ ಪದ. ಅಸ್ಪಸ್ತ್ ಎಂದರೆ ಕುದುರೆಯ ಮೇವು. ಅರಬರ ಬಾಯಲ್ಲಿ ಅದು ಫಿಸ್ಫಿಸಾ ಆಯಿತು. ಅರಬರ ಜೊತೆ ಸ್ಪೇನಿಗೆ ಹೋಗಿ, ಮುಂದೆ 'ಅಲ್' ಸೇರಿಸಿಕೊಂಡು, ಅಲ್ಫಾಲ್ಫಾ ಎಂದು ಲೋಕವೆಲ್ಲ ತಿರುಗಿತು. ನಮ್ಮ ಹಳ್ಳಿಗಳಲ್ಲಿ ಅದೇ ಗಿಡವನ್ನು ಕೆಲವರು ಕುದುರೆ ಮಸಾಲೆ ಎನ್ನುತ್ತಾರೆ, ಕೆಲವರು ಕುದುರೆ ಮೆಂತೆ ಎನ್ನುತ್ತಾರೆ, ಕೃಷಿ ಇಲಾಖೆಯ ಕೈಪಿಡಿಗಳಲ್ಲಿ ಅದು ಲೂಸರ್ನ್. ಇಷ್ಟು ದೂರ ನಡೆದು ಬಂದರೂ ಹೆಸರಿನೊಳಗಿನ ಕುದುರೆ ಇಳಿದು ಹೋಗಿಲ್ಲ.

ಸಸ್ಯಶಾಸ್ತ್ರದ ಹೆಸರು ಮೆಡಿಕಾಗೊ ಸಟೈವ. ಆ 'ಮೆಡಿಕಾ' ಔಷಧಿಗೆ ಸಂಬಂಧಿಸಿದ್ದಲ್ಲ, ಮೀಡಿಯ ಎಂಬ ನಾಡಿಗೆ ಸಂಬಂಧಿಸಿದ್ದು. ಇಂದಿನ ಇರಾನಿನ ವಾಯುವ್ಯ ಭಾಗ ಅದು. ಗ್ರೀಕರು ಇದನ್ನು ಮೀಡಿಯದ ಹುಲ್ಲು ಎಂದರು. ರೋಮಿನ ಪ್ಲಿನಿ ಬರೆದಿರುವಂತೆ, ಪರ್ಷಿಯದ ದೊರೆ ದಾರಯವಹುವಿನ ದಂಡಯಾತ್ರೆಯ ಕಾಲದಲ್ಲಿ ಪರ್ಷಿಯನ್ನರ ಮೂಲಕ ಅದು ಗ್ರೀಸನ್ನು ತಲುಪಿತು. ಸೇನೆ ನಡೆದಲ್ಲೆಲ್ಲ ಕುದುರೆ ನಡೆಯಬೇಕು, ಕುದುರೆ ನಡೆಯಬೇಕಾದರೆ ಮೇವು ಬೇಕು. ಪೂರ್ವಕ್ಕೂ ಇದೇ ಕಥೆ. ಕ್ರಿ.ಪೂ. 138ರಲ್ಲಿ ಹಾನ್ ಚಕ್ರವರ್ತಿ ವೂ ಕಳಿಸಿದ ರಾಯಭಾರಿ ಜಾಂಗ್ ಚಿಯಾನ್ ಮಧ್ಯ ಏಷ್ಯಾ ಸುತ್ತಿ, ನಡುವೆ ವರ್ಷಗಟ್ಟಲೆ ಸೆರೆಯಲ್ಲಿದ್ದು, ಹಿಂತಿರುಗಿ ಫರ್ಗಾನಾ ಕಣಿವೆಯ ಉತ್ತಮ ಕುದುರೆಗಳ ಸುದ್ದಿ ಹೇಳಿದ. ಚಕ್ರವರ್ತಿಗೆ ಆ ಕುದುರೆಗಳು ಬೇಕಾದವು, ಕುದುರೆಗಳಿಗೆ ಅವು ತಿನ್ನುತ್ತಿದ್ದ ಸೊಪ್ಪು ಬೇಕಾಯಿತು. ಚೀನೀ ದೂತರು ದ್ರಾಕ್ಷಿಯ ಜೊತೆಗೆ ಈ ಸೊಪ್ಪಿನ ಬೀಜವನ್ನೂ ತಂದರೆಂದೂ, ಅರಮನೆಗಳ ಸುತ್ತ ಬಿತ್ತಲಾಯಿತೆಂದೂ ಸೀಮಾ ಚಿಯಾನ್ ಬರೆದ ಚರಿತ್ರೆಯಲ್ಲಿದೆ.

ಹಾಗಾದರೆ ಈ ಸೊಪ್ಪಿನಲ್ಲಿ ಅಂಥದ್ದೇನಿದೆ? ಉತ್ತರ ಎಲೆಯಲ್ಲಿ ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ. ಒಂದು ಗಿಡವನ್ನು ಅಗೆದು ನೋಡಬೇಕು.

ಬಿತ್ತಿ ಒಂದೂವರೆ ತಿಂಗಳಾದ ಮಡಿಗೆ ಹೋಗಿ. ಗಿಡವನ್ನು ಕಿತ್ತರೆ ಕೆಲಸ ಕೆಡುತ್ತದೆ. ಬುಡದಿಂದ ಒಂದು ಗೇಣು ದೂರ ಗುದ್ದಲಿ ಇಳಿಸಿ, ಮಣ್ಣಿನ ಹೆಂಟೆಯ ಸಮೇತ ಎತ್ತಿ, ಬಕೆಟ್ಟಿನ ನೀರಿನಲ್ಲಿ ಅದ್ದಿ ಮಣ್ಣು ಕರಗಿಸಿ. ಬೇರಿನ ಎಳೆಗಳಿಗೆ ಅಂಟಿಕೊಂಡ ಪುಟ್ಟ ಬೆರಳಿನಾಕಾರದ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಬಣ್ಣ ಕಂಡರೆ ಗಿಡ ಸಂಪಾದನೆಯಲ್ಲಿ ತೊಡಗಿದೆ ಎಂದರ್ಥ. ಬೆಳ್ಳಗೋ ಹಸಿರಾಗಿಯೋ ಇದ್ದರೆ ಅಲ್ಲಿ ಕೆಲಸ ಇನ್ನೂ ಶುರುವಾಗಿಲ್ಲ ಅಥವಾ ಮುಗಿದಿದೆ.

ಆ ಕೆಂಪು ನಮ್ಮ ರಕ್ತದ ಕೆಂಪಿನ ಹತ್ತಿರದ ನೆಂಟ. ಅದರ ಹೆಸರು ಲೆಗ್‌ಹೀಮೊಗ್ಲೋಬಿನ್. ನಮ್ಮ ರಕ್ತದಲ್ಲಿರುವ ಹಾಗೆಯೇ ಕಬ್ಬಿಣವನ್ನು ಇಟ್ಟುಕೊಂಡು ಆಮ್ಲಜನಕವನ್ನು ಹಿಡಿಯುವ ಪ್ರೋಟೀನು. ಗಿಡಕ್ಕೆ ರಕ್ತವೇಕೆ ಬೇಕಾಯಿತು ಎಂದರೆ, ಗಂಟಿನೊಳಗೆ ಒಬ್ಬ ಅತಿಥಿ ಇದ್ದಾನೆ. ಸೈನೊರೈಜೋಬಿಯಂ ಮೆಲಿಲೋಟಿ ಎಂಬ ಬ್ಯಾಕ್ಟೀರಿಯ. ಗಾಳಿಯ ಐದರಲ್ಲಿ ನಾಲ್ಕು ಪಾಲು ಸಾರಜನಕವೇ ಆದರೂ ಯಾವ ಗಿಡವೂ ಅದನ್ನು ನೇರವಾಗಿ ಉಣ್ಣಲಾರದು. ಎರಡು ಸಾರಜನಕ ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿರುತ್ತವೆ. ಗೊಬ್ಬರದ ಕಾರ್ಖಾನೆ ಅದನ್ನು ಬಿಡಿಸಲು ಸುಮಾರು 450 ಡಿಗ್ರಿ ಶಾಖವನ್ನೂ ವಾತಾವರಣದ 200 ಪಟ್ಟು ಒತ್ತಡವನ್ನೂ ಬಳಸುತ್ತದೆ. ಬ್ಯಾಕ್ಟೀರಿಯ ಅದೇ ಕೆಲಸವನ್ನು ಹೊಲದ ತಣ್ಣನೆಯ ಮಣ್ಣಿನಲ್ಲಿ, ನೈಟ್ರೋಜಿನೇಸ್ ಎಂಬ ಕಿಣ್ವದಿಂದ ಮಾಡಿ ಮುಗಿಸುತ್ತದೆ. ಒಂದೇ ತೊಂದರೆ: ಆಮ್ಲಜನಕ ತಾಗಿದರೆ ಆ ಕಿಣ್ವ ಕೆಟ್ಟುಹೋಗುತ್ತದೆ. ಆದರೆ ಬ್ಯಾಕ್ಟೀರಿಯ ಉಸಿರಾಡಲು ಆಮ್ಲಜನಕವೂ ಬೇಕು. ಈ ಇಕ್ಕಟ್ಟನ್ನು ಬಿಡಿಸುವುದೇ ಆ ಕೆಂಪು ಪ್ರೋಟೀನು. ಆಮ್ಲಜನಕವನ್ನು ಹಿಡಿದಿಟ್ಟುಕೊಂಡು, ಉಸಿರಿಗೆ ಸಾಕಾಗುವಷ್ಟನ್ನು ಮಾತ್ರ ತಲುಪಿಸುತ್ತದೆ.

ಈ ಗೆಳೆತನ ತಾನಾಗಿ ಆಗುವುದಿಲ್ಲ. ಬೇರು ಮಣ್ಣಿಗೆ ಲೂಟಿಯೋಲಿನ್ ಎಂಬ ರಾಸಾಯನಿಕವನ್ನು ಒಸರುತ್ತದೆ. ಅದನ್ನು ಗುರುತಿಸಿದ ಬ್ಯಾಕ್ಟೀರಿಯ ತನ್ನ ಕಡೆಯಿಂದ ಒಂದು ಅಣುವನ್ನು ಕಳಿಸುತ್ತದೆ. ಆ ಅಣುವಿನ ರಚನೆಯನ್ನು ಮೊದಲು ಬಿಡಿಸಿದ್ದು 1990ರಲ್ಲಿ, ಫ್ರಾನ್ಸಿನ ಟುಲೂಸ್ ನಗರದ ವಿಜ್ಞಾನಿಗಳು, ಇದೇ ಕುದುರೆ ಮಸಾಲೆಯ ಬ್ಯಾಕ್ಟೀರಿಯದಿಂದ. ಎರಡೂ ಸಂಕೇತಗಳು ತಾಳೆಯಾದರೆ ಬೇರಿನ ರೋಮ ಸುರುಳಿ ಸುತ್ತಿ ಬ್ಯಾಕ್ಟೀರಿಯವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ತಾಳೆಯಾಗದಿದ್ದರೆ ಬಾಗಿಲು ತೆರೆಯುವುದಿಲ್ಲ. ಅವರೆಗೆ, ತೊಗರಿಗೆ ಗಂಟು ಕಟ್ಟುವ ಬ್ಯಾಕ್ಟೀರಿಯ ಇಲ್ಲಿ ಕೆಲಸಕ್ಕೆ ಬಾರದಿರುವುದು ಇದಕ್ಕೇ. ಹಾಗಾದರೆ ಇದರ ಬ್ಯಾಕ್ಟೀರಿಯ ಬೇರೆ ಯಾರನ್ನು ಒಪ್ಪುತ್ತದೆ? ನಮ್ಮ ಅಡುಗೆಮನೆಯ ಮೆಂತೆಯನ್ನು! ಮೆಂತೆಯ ಮೂರೆಲೆಯನ್ನೂ ಇದರ ಮೂರೆಲೆಯನ್ನೂ ಪಕ್ಕದಲ್ಲಿಟ್ಟು ನೋಡಿದ ಕನ್ನಡಿಗ ಇದಕ್ಕೆ ಕುದುರೆ ಮೆಂತೆ ಎಂದದ್ದನ್ನು ಮಣ್ಣಿನೊಳಗಿನ ಸೂಕ್ಷ್ಮಜೀವಿಯೂ ಅನುಮೋದಿಸಿದೆ. ಈ ನೆಂಟಸ್ತನ ನನಗೆ ಬಹಳ ಇಷ್ಟವಾದ ಸಂಗತಿ.

ಒಪ್ಪಂದದಲ್ಲಿ ಕಠಿಣವಾದ ಭಾಗವೂ ಇದೆ. ಒಳಗೆ ಬಂದ ಬ್ಯಾಕ್ಟೀರಿಯಗಳಿಗೆ ಗಿಡ ಸಕ್ಕರೆಯಿಂದಾದ ಆಹಾರ ಕೊಡುತ್ತದೆ, ಜೊತೆಗೆ ಕೆಲವು ಸಣ್ಣ ಪೆಪ್ಟೈಡುಗಳನ್ನೂ ಕೊಡುತ್ತದೆ. ಅವುಗಳ ಪ್ರಭಾವದಿಂದ ಬ್ಯಾಕ್ಟೀರಿಯ ಹಿಗ್ಗಿ ದೊಡ್ಡದಾಗಿ, ಮತ್ತೆಂದೂ ಎರಡಾಗಿ ಒಡೆಯಲಾರದ ಸ್ಥಿತಿಗೆ ಬರುತ್ತದೆ. ಸಾರಜನಕ ದುಡಿಯುವುದಷ್ಟೇ ಅದರ ಉಳಿದ ಬಾಳು. ವರ್ಷಕ್ಕೆ ಹೆಕ್ಟೇರಿಗೆ 200 ಕಿಲೊ ಆಸುಪಾಸಿನ ಸಾರಜನಕವನ್ನು ಈ ಜೋಡಿ ಗಾಳಿಯಿಂದ ಇಳಿಸುತ್ತದೆ. ಯೂರಿಯಾದಲ್ಲಿ ಸಾರಜನಕ ಶೇ. 46. ಅಂದರೆ 400 ಕಿಲೊಗೂ ಹೆಚ್ಚು ಯೂರಿಯಾದ ಬೆಲೆ ಉಳಿಯಿತು. ಎಲೆಯ ಪ್ರೋಟೀನು ಬಂದದ್ದು ಇಲ್ಲಿಂದ. ಒಣತೂಕದ ಲೆಕ್ಕದಲ್ಲಿ ಶೇ. 18ರಿಂದ 22 ಪ್ರೋಟೀನು. ರಾಗಿ ಹುಲ್ಲಿನಲ್ಲಿ, ಭತ್ತದ ಹುಲ್ಲಿನಲ್ಲಿ ಇರುವುದು ಶೇ. 3ರಿಂದ 4.

ತಾಯಿಬೇರಿನ ಮಾತು ಇನ್ನೂ ಉಳಿದಿದೆ. ಹದವಾದ ಮಣ್ಣಿನಲ್ಲಿ ಅದು ಎರಡು ಮೂರು ಮೀಟರ್ ಆಳಕ್ಕೆ ಸಲೀಸಾಗಿ ಇಳಿಯುತ್ತದೆ, ಅನುಕೂಲ ಸಿಕ್ಕರೆ ಇನ್ನೂ ಆಳಕ್ಕೆ. ಮೇಲ್ಮಣ್ಣು ಒಣಗಿದಾಗ ಆಳದ ತೇವ ಅದಕ್ಕೆ ಆಸರೆ. ಅದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದು. ಆ ಬೇರೇ ಗಿಡದ ಕಣಜ. ಕುಡುಗೋಲು ಬಿದ್ದ ಮರುದಿನ ಗಿಡಕ್ಕೆ ಎಲೆಯಿಲ್ಲ. ಎಲೆಯಿಲ್ಲದೆ ಅಡುಗೆಯಿಲ್ಲ. ಬುಡದಲ್ಲಿ ಮಲಗಿದ್ದ ಮೊಗ್ಗುಗಳು ಎದ್ದು ಚಿಗುರುವುದು ಬೇರಿನಲ್ಲಿ ಕೂಡಿಟ್ಟ ಪಿಷ್ಟದಿಂದ, ಪ್ರೋಟೀನಿನಿಂದ. ಚಿಗುರು ಒಂದು ಗೇಣು ಎದ್ದ ಮೇಲೆ ಹೊಸ ಎಲೆಗಳು ದುಡಿದು ಸಾಲ ತೀರಿಸತೊಡಗುತ್ತವೆ. ಹೂ ಕಾಣಿಸಿಕೊಳ್ಳುವ ಹೊತ್ತಿಗೆ ಕಣಜ ಮತ್ತೆ ತುಂಬಿರುತ್ತದೆ.

ಮಡಿಯಲ್ಲಿ ಹತ್ತಕ್ಕೆ ಒಂದು ಗಿಡ ಹೂ ಬಿಟ್ಟಾಗ ಕೊಯ್ಯಿರಿ ಎಂಬ ಮಾತಿನ ಹಿಂದಿರುವುದು ಈ ಲೆಕ್ಕ. ಮೊದಲ ಕೊಯ್ಲು ಬಿತ್ತಿದ 55–60 ದಿನಕ್ಕೆ, ಆಮೇಲೆ 25–30 ದಿನಕ್ಕೊಮ್ಮೆ. ಸೊಪ್ಪು ಎಳೆಯದಾಗಿದ್ದರೆ ಹಸು ಚೆನ್ನಾಗಿ ತಿನ್ನುತ್ತದೆ ಎಂದು ಹದಿನೈದು ದಿನಕ್ಕೇ ಕೊಯ್ಯುತ್ತ ಹೋದರೆ ಪ್ರತಿ ಸಲವೂ ಸಾಲ ತೀರುವ ಮುಂಚೆ ಕಣಜಕ್ಕೆ ಕೈ ಹಾಕಿದಂತೆ. ನಾಲ್ಕು ಸಲ ಹಾಗೆ ಮಾಡಿದರೆ ಗಿಡ ಬಡವಾಗುತ್ತದೆ, ಮಡಿ ತೆಳ್ಳಗಾಗುತ್ತದೆ, ಕಳೆ ನುಗ್ಗುತ್ತದೆ. ಮೂರು ನಾಲ್ಕು ವರ್ಷ ಬಾಳಬೇಕಾದ ಬೆಳೆ ಒಂದೇ ವರ್ಷಕ್ಕೆ ಮುಗಿದರೆ ದೂರುವುದು ಬೀಜವನ್ನು. ತೀರ ತಡಮಾಡಿದರೂ ನಷ್ಟವೇ. ಕಾಂಡ ಬಲಿತು ನಾರಾಗುತ್ತದೆ, ಕೆಳಗಿನ ಎಲೆ ಉದುರುತ್ತದೆ. ಒಟ್ಟು ಪ್ರೋಟೀನಿನ ಮೂರರಲ್ಲಿ ಎರಡು ಪಾಲು ಎಲೆಯಲ್ಲೇ ಇರುವುದರಿಂದ ಎಲೆ ಕಳೆದುಕೊಂಡ ಕೊಯ್ಲು ಬರೀ ಕಡ್ಡಿ.

ತೆಳ್ಳಗಾದ ಮಡಿಗೆ ಮತ್ತೆ ಬೀಜ ಎರಚಿ ತುಂಬಿಸೋಣವೆಂದರೆ ಅದೂ ಆಗುವುದಿಲ್ಲ. ಈ ಗಿಡದ ಎಲೆ ಕಾಂಡಗಳಿಂದ ಮಣ್ಣಿಗೆ ಕರಗುವ ಕೆಲವು ವಸ್ತುಗಳು ತನ್ನದೇ ಜಾತಿಯ ಎಳೆ ಸಸಿಯ ಬೇರನ್ನು ಮುರುಟಿಸುತ್ತವೆ. ದೊಡ್ಡ ಗಿಡದ ಪಕ್ಕ ಮರಿಗಿಡ ಏಳದಂತೆ ನೋಡಿಕೊಳ್ಳುವುದು ಒಣನಾಡಿನ ಗಿಡಕ್ಕೆ ಜಾಣತನ. ಅಲ್ಲಿ ನೀರಿಗೆ ಪಾಲುದಾರರು ಕಡಿಮೆಯಾದಷ್ಟೂ ಒಳ್ಳೆಯದು. ರೈತನ ಪಾಲಿಗೆ ಇದರರ್ಥ ಇಷ್ಟು: ಮಡಿ ಮುದಿಯಾದ ಮೇಲೆ ಕಿತ್ತು, ಅಲ್ಲಿ ಮುಸುಕಿನ ಜೋಳವನ್ನೋ ರಾಗಿಯನ್ನೋ ಹಾಕಿ ಉಳಿದ ಸಾರಜನಕದ ಲಾಭ ಪಡೆದು, ಕುದುರೆ ಮಸಾಲೆಯನ್ನು ಬೇರೆ ಕಡೆ ಬಿತ್ತಬೇಕು.

ಬೀಜದ ವಿಷಯ ಬಂತು. ಇದರ ಹೂವಿನಲ್ಲಿ ಒಂದು ಬಿಲ್ಲು ಅಡಗಿದೆ. ಕೇಸರ ಮತ್ತು ಶಲಾಕೆ ಸೇರಿದ ಕಂಬವನ್ನು ಕೆಳಗಿನ ದಳಗಳು ಬಿಗಿಯಾಗಿ ಬಾಗಿಸಿ ಹಿಡಿದಿರುತ್ತವೆ. ಜೇನ್ನೊಣ ಬಂದು ಕೂತು ಮೂತಿ ತೂರಿಸಿದ ಕೂಡಲೇ ಅದು ಚಿಮ್ಮಿ ನೊಣದ ತಲೆಗೆ ಬಡಿದು ಪರಾಗ ಮೆತ್ತುತ್ತದೆ. ಒಮ್ಮೆ ಏಟು ತಿಂದ ಜೇನ್ನೊಣ ಬುದ್ಧಿ ಕಲಿಯುತ್ತದೆ. ಮುಂದೆ ಹೂವಿನ ಪಕ್ಕದಿಂದ ನಾಲಿಗೆ ಹಾಕಿ ಮಕರಂದ ಹೀರಿ ಹಾರಿಹೋಗುತ್ತದೆ, ಬಿಲ್ಲು ಚಿಮ್ಮುವುದೇ ಇಲ್ಲ. ಹೀಗಾಗಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಚೆಟ್ ಕಣಿವೆಯಲ್ಲಿ ಬೀಜ ಬೆಳೆಯುವ ರೈತರು ಏಟಿಗೆ ಹೆದರದ ಇನ್ನೊಂದು ಜೇನನ್ನು ಸಾಕುತ್ತಾರೆ. ನೆಲದಲ್ಲಿ ಗೂಡು ಕೊರೆಯುವ ಕ್ಷಾರ ಜೇನು ಅದು. ಅದಕ್ಕಾಗಿ ಹೊಲದ ನಡುವೆ ಬರೀ ಉಪ್ಪುಮಣ್ಣಿನ ಬಯಲುಗಳನ್ನು ಬಿಟ್ಟು, ಹದವಾಗಿ ನೀರು ಕೊಟ್ಟು, ಅಕ್ಕಪಕ್ಕದ ರಸ್ತೆಗಳಲ್ಲಿ ಜೇನಿಗಾಗಿ ವಾಹನದ ವೇಗವನ್ನೂ ತಗ್ಗಿಸುತ್ತಾರೆ. ಬೇರೆಡೆ ಎಲೆ ಕತ್ತರಿಸಿ ಗೂಡು ಮಾಡುವ ಇನ್ನೊಂದು ಬಗೆಯ ಜೇನನ್ನು ಪೆಟ್ಟಿಗೆಗಳಲ್ಲಿ ಸಾಕುತ್ತಾರೆ.

ಒಂದು ಗಿಡದ ಪರಾಗ ಇನ್ನೊಂದಕ್ಕೆ ಹೋಗಲೇಬೇಕೆಂಬ ಈ ಏರ್ಪಾಟಿನ ಫಲವಾಗಿ, ಜೊತೆಗೆ ಪ್ರತಿ ಕೋಶದಲ್ಲೂ ವರ್ಣತಂತುಗಳು ನಾಲ್ಕು ನಾಲ್ಕು ಪ್ರತಿಯಾಗಿ ಒಟ್ಟು 32 ಇರುವುದರಿಂದ, ಒಂದೇ ಮಡಿಯ ಎರಡು ಗಿಡಗಳೂ ಒಂದೇ ತೆರನಾಗಿರುವುದಿಲ್ಲ. ವೆಂಡೆಲಿನ್ ಗ್ರಿಮ್ ಎಂಬ ಜರ್ಮನ್ ರೈತನಿಗೆ ಕೈಹಿಡಿದದ್ದು ಈ ವೈವಿಧ್ಯ. ಆತ 1857ರಲ್ಲಿ ಬಾಡೆನ್ ಸೀಮೆಯಿಂದ ವಲಸೆ ಹೋಗುವಾಗ ಊರಿನ ಬೀಜದ ಒಂದು ಸಣ್ಣ ಚೀಲವನ್ನು ಹೊತ್ತುಕೊಂಡು ಮಿನೆಸೋಟ ತಲುಪಿದ. ಅಲ್ಲಿಯ ಚಳಿಗೆ ಬೆಳೆಯ ಬಹುಪಾಲು ಸತ್ತಿತು. ಉಳಿದ ಗಿಡಗಳ ಬೀಜ ಆರಿಸಿ ಬಿತ್ತಿದ. ಮತ್ತೆ ಸತ್ತಿತು, ಮತ್ತೆ ಉಳಿದದ್ದನ್ನು ಬಿತ್ತಿದ. ವರ್ಷಾನುಗಟ್ಟಲೆ ಹೀಗೇ ನಡೆಯಿತು. 1900ರ ಸುಮಾರಿಗೆ ಅಲ್ಲಿನ ವಿಶ್ವವಿದ್ಯಾಲಯದ ಕಣ್ಣಿಗೆ ಅದು ಬಿದ್ದಾಗ, ಗ್ರಿಮ್‌ನ ಹೊಲದಲ್ಲಿ ಹೆಪ್ಪುಗಟ್ಟುವ ಚಳಿಯನ್ನು ತಾಳುವ ತಳಿಯೊಂದು ತಯಾರಾಗಿತ್ತು. ಆ ತಳಿಗೆ ಆತನ ಹೆಸರೇ ಉಳಿಯಿತು. ಪ್ರಯೋಗಾಲಯದ ಮೆಟ್ಟಿಲು ಹತ್ತದ ರೈತ ತಳಿಶಾಸ್ತ್ರಕ್ಕೆ ಕೊಟ್ಟ ದೊಡ್ಡ ಕಾಣಿಕೆಗಳಲ್ಲಿ ಇದೊಂದೆಂದು ನಾನು ಭಾವಿಸುತ್ತೇನೆ.

ನಮ್ಮಲ್ಲಿ ಚಳಿಯ ಚಿಂತೆಯಿಲ್ಲ. ಮಹಾರಾಷ್ಟ್ರದ ರಾಹುರಿಯ ಆರ್‌ಎಲ್-88, ತಮಿಳುನಾಡಿನ ಕೊ-1 ಬಹುವಾರ್ಷಿಕ ತಳಿಗಳು. ಗುಜರಾತಿನ ಆನಂದ್-2 ಒಂದು ವರ್ಷದ ಬೆಳೆಗೆ ಹೆಸರಾದದ್ದು. ಹುಲ್ಲು ಮತ್ತು ಮೇವಿನ ಸಂಶೋಧನೆಗೆಂದೇ 1962ರಲ್ಲಿ ಝಾನ್ಸಿಯಲ್ಲಿ ಶುರುವಾದ ರಾಷ್ಟ್ರೀಯ ಸಂಸ್ಥೆಯ ದಕ್ಷಿಣ ಭಾರತದ ಕೇಂದ್ರ ಧಾರವಾಡದಲ್ಲೇ ಇದೆ. ಅಂಗಡಿಯಲ್ಲಿ ಹೆಡ್ಜ್ ಲೂಸರ್ನ್ ಎಂದು ಕೊಡುವುದು ಮಾತ್ರ ಇದಲ್ಲ. ಅದು ಡೆಸ್ಮಾಂತಸ್ ಎಂಬ ಬೇರೆಯೇ ಪೊದೆಗಿಡ, ಮಳೆಯಾಶ್ರಯಕ್ಕೂ ಒಗ್ಗುವಂಥದ್ದು. ಹೆಸರಿನ ಗೊಂದಲಕ್ಕೆ ಸಿಕ್ಕಿ ಒಂದರ ಬದಲು ಇನ್ನೊಂದು ತಂದವರು ಇದ್ದಾರೆ.

ಈಗ ಸೊಪ್ಪು ಗೋದಲಿಗೆ ಬಂತು. ಇಲ್ಲಿಂದ ಮುಂದಿನದು ಹಸುವಿನ ಹೊಟ್ಟೆಯ ಕಥೆ, ಅದೂ ಒಂದು ಸೂಕ್ಷ್ಮಜೀವಿಗಳ ಕಥೆಯೇ.

ಹಸುವಿನ ಮೊದಲ ಹೊಟ್ಟೆ, ರೂಮೆನ್, ನೂರು ಲೀಟರಿಗೂ ಮೀರಿದ ಹುದುಗಿನ ತೊಟ್ಟಿ. ರಾಗಿ ಹುಲ್ಲಿನ ನಾರನ್ನು ಕರಗಿಸುವುದು ಹಸು ಅಲ್ಲ, ಆ ತೊಟ್ಟಿಯೊಳಗಿನ ಸೂಕ್ಷ್ಮಜೀವಿಗಳು. ಅವುಗಳೂ ಜೀವಿಗಳೇ, ಅವಕ್ಕೂ ಸಾರಜನಕ ಬೇಕು. ಮೇವಿನ ಒಣತೂಕದಲ್ಲಿ ಪ್ರೋಟೀನು ಸುಮಾರು ಶೇ. 7ಕ್ಕಿಂತ ಕೆಳಗಿಳಿದರೆ ಅವು ಸೊರಗುತ್ತವೆ, ನಾರು ಕರಗುವುದು ನಿಧಾನವಾಗುತ್ತದೆ, ಹೊಟ್ಟೆ ಖಾಲಿಯಾಗದೆ ಹಸು ತಿನ್ನುವುದನ್ನೇ ಕಡಿಮೆ ಮಾಡುತ್ತದೆ. ಗೋದಲಿ ತುಂಬ ಹುಲ್ಲಿದ್ದೂ ಹಸು ಬಡಕಲಾಗುವುದು ಹೀಗೆ. ಆರು ಕಿಲೊ ರಾಗಿ ಹುಲ್ಲು ಮಾತ್ರ ಹಾಕಿದರೆ ಸಿಗುವ ಪ್ರೋಟೀನು 190 ಗ್ರಾಂ ಸುಮಾರು, ಶೇ. 3.5. ಅದರ ಜೊತೆ ಹತ್ತು ಕಿಲೊ ಹಸಿ ಕುದುರೆ ಮಸಾಲೆ ಸೇರಿಸಿ. ಅದರಲ್ಲಿ ನೀರು ಕಳೆದು ಉಳಿಯುವ ಒಣತೂಕ ಎರಡು ಕಿಲೊ, ಪ್ರೋಟೀನು 400 ಗ್ರಾಂ. ಒಟ್ಟು ಮೇವಿನ ಪ್ರೋಟೀನು ಒಮ್ಮೆಲೇ ಶೇ. 8ಕ್ಕೆ ಏರಿತು. ಹಸುವಿಗೆ ಸಿಕ್ಕಿದ್ದು ಆ 400 ಗ್ರಾಂ ಮಾತ್ರವಲ್ಲ, ಅಷ್ಟು ದಿನ ಅರೆಬರೆ ಕರಗಿ ಸಗಣಿಯಾಗುತ್ತಿದ್ದ ರಾಗಿ ಹುಲ್ಲಿನ ಸತ್ವವೂ ದಕ್ಕಿತು. ಮೇಲಾಗಿ ಸುಣ್ಣದಂಶ ಧಾರಾಳವಾಗಿದೆ, ಹಾಲು ಕೊಡುವ ಹಸುವಿಗೆ ಅದು ನಿತ್ಯದ ಅಗತ್ಯ. ಪ್ರೋಟೀನಿನ ಲೆಕ್ಕದಲ್ಲಿ ಹತ್ತು ಕಿಲೊ ಸೊಪ್ಪು ಸರಿಸುಮಾರು ಒಂದು ಕಿಲೊ ಕಡಲೆಕಾಯಿ ಹಿಂಡಿಗೆ ಸಮ. ಹಿಂಡಿಯ ಬೆಲೆ ಹಾಲು ಹಾಕುವವರಿಗೆ ನಾನು ಹೇಳಬೇಕಾಗಿಲ್ಲ.

ಹಾಗೆಂದು ಬೆಳಗ್ಗೆ ಹಸಿದ ಹಸುವನ್ನು ಇಬ್ಬನಿಯ ಸೊಪ್ಪಿಗೆ ಬಿಟ್ಟರೆ ಮಧ್ಯಾಹ್ನಕ್ಕೆ ಅದು ಸತ್ತಿರಬಹುದು. ಮೊದಲ ಶತಮಾನದ ರೋಮಿನ ಕೃಷಿ ಲೇಖಕ ಕೊಲುಮೆಲ್ಲ ಈ ಸೊಪ್ಪನ್ನು ಮನಸಾರೆ ಹೊಗಳಿದ್ದಾನೆ. ಒಮ್ಮೆ ಬಿತ್ತಿದರೆ ಹತ್ತು ವರ್ಷ ಬಾಳುತ್ತದೆ, ವರ್ಷಕ್ಕೆ ನಾಲ್ಕರಿಂದ ಆರು ಕೊಯ್ಲು ಕೊಡುತ್ತದೆ, ಒಂದು ಯೂಗೆರಮ್ ನೆಲ ಮೂರು ಕುದುರೆಗಳನ್ನು ವರ್ಷವಿಡೀ ಸಾಕುತ್ತದೆ ಎಂದಿದ್ದಾನೆ. ಯೂಗೆರಮ್ ಎಂದರೆ ನಮ್ಮ ಇಪ್ಪತ್ತೈದು ಗುಂಟೆ. ಅದೇ ಉಸಿರಿನಲ್ಲಿ ಆತ ಎಚ್ಚರಿಸುತ್ತಾನೆ: ರೂಢಿಯಾಗುವ ತನಕ ಸ್ವಲ್ಪ ಸ್ವಲ್ಪವೇ ಕೊಡಬೇಕು, ಹೊಟ್ಟೆ ಉಬ್ಬಿಸುತ್ತದೆ.

ರೂಮೆನ್ನಿನಲ್ಲಿ ಹುಟ್ಟುವ ಅನಿಲವನ್ನು ಹಸು ತೇಗಿ ತೇಗಿ ಹೊರಹಾಕುತ್ತಿರುತ್ತದೆ. ಎಳೆ ಕುದುರೆ ಮಸಾಲೆಯ ಎಲೆ ಬೇಗ ಒಡೆಯುತ್ತದೆ, ನೀರಿನಲ್ಲಿ ಕರಗುವ ಅದರ ಪ್ರೋಟೀನು ರೂಮೆನ್ನಿನ ದ್ರವಕ್ಕೆ ಒಮ್ಮೆಲೇ ಸೇರುತ್ತದೆ. ಮೊಟ್ಟೆಯ ಬಿಳಿಯನ್ನು ಕಡೆದಾಗ ಏಳುವ ನೊರೆಯನ್ನು ನೆನೆಯಿರಿ. ಅಂಥದೇ ಗಟ್ಟಿ ನೊರೆ ಎದ್ದು ಅನಿಲವೆಲ್ಲ ಸಾವಿರಾರು ಗುಳ್ಳೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ನೊರೆಯನ್ನು ತೇಗಲಾಗುವುದಿಲ್ಲ. ಎಡಪಕ್ಕೆ ತಮಟೆಯಂತೆ ಬಿಗಿದು, ಒಳಗಿನ ಒತ್ತಡ ಎದೆಯನ್ನು ಅದುಮಿ, ಪ್ರಾಣಿಯ ಉಸಿರು ಕಟ್ಟುತ್ತದೆ. ಅಡುಗೆ ಎಣ್ಣೆ ಇಲ್ಲಿ ಔಷಧಿಯಾಗುವುದು ಅದು ಗುಳ್ಳೆಯ ಪೊರೆಯನ್ನು ಒಡೆಯುವುದರಿಂದ. ಪಶುವೈದ್ಯರಿಗೆ ಕರೆ ಮಾಡಿ, ಅವರು ಬರುವುದರೊಳಗೆ ಕಾಲರಿಂದ ಅರ್ಧ ಲೀಟರ್ ಎಣ್ಣೆಯನ್ನು ನಿಧಾನವಾಗಿ, ಶ್ವಾಸನಾಳಕ್ಕೆ ಹೋಗದಂತೆ ಕುಡಿಸಿ. ಇದಕ್ಕಿಂತ ಸುಲಭ, ಆ ಹಂತಕ್ಕೆ ಹೋಗದಿರುವುದು. ಕೊಯ್ದ ಸೊಪ್ಪನ್ನು ಕೆಲವು ಗಂಟೆ ನೆರಳಿನಲ್ಲಿ ಹರಡಿ ಬಾಡಿಸಿ, ಮೊದಲು ಒಣಹುಲ್ಲು ಹಾಕಿ, ಆಮೇಲೆ ಸೊಪ್ಪನ್ನು ಹುಲ್ಲಿನ ಜೊತೆ ಕಲೆಸಿ ಕೊಡಿ.

ಇಷ್ಟು ಅಪಾಯದ ಸೊಪ್ಪು ಕುದುರೆಗೆ ಹೇಗೆ ಒಗ್ಗಿತು? ಕುದುರೆಗೆ ರೂಮೆನ್ ಇಲ್ಲ. ಅದರ ಹುದುಗಿನ ತೊಟ್ಟಿ ಇರುವುದು ಕರುಳಿನ ಹಿಂಭಾಗದಲ್ಲಿ. ಅಲ್ಲಿಗೆ ತಲುಪುವ ಮುಂಚೆಯೇ ಪ್ರೋಟೀನಿನ ಬಹುಭಾಗ ಸಣ್ಣ ಕರುಳಿನಲ್ಲಿ ಜೀರ್ಣವಾಗಿರುತ್ತದೆ. ಹಸುವಿಗೆ ಬರುವಂಥ ನೊರೆಯ ಉಬ್ಬರ ಅದಕ್ಕಿಲ್ಲ.

ಈ ಸೊಪ್ಪಿನಿಂದ ಮನುಷ್ಯರ ವೈದ್ಯಕ್ಕೂ ಒಂದು ಕೊಡುಗೆ ಸಂದಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ವಿಟಮಿನ್ನನ್ನು ಶುದ್ಧ ರೂಪದಲ್ಲಿ ಮೊದಲು ಬೇರ್ಪಡಿಸಿದ್ದು 1939ರಲ್ಲಿ, ಇದೇ ಎಲೆಯಿಂದ. ಹೆನ್ರಿಕ್ ಡಾಮ್ ಮತ್ತು ಎಡ್ವರ್ಡ್ ಡೊಯ್ಸಿ ಅವರಿಗೆ ಈ ವಿಟಮಿನ್ನಿನ ಕೆಲಸಕ್ಕಾಗಿ 1943ರ ನೊಬೆಲ್ ಬಂತು. ಅದೇ ಕಾಲಕ್ಕೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಾರ್ಲ್ ಲಿಂಕ್ ಎಂಬ ರಸಾಯನವಿಜ್ಞಾನಿ, ಇದರ ಹತ್ತಿರದ ನೆಂಟ ಸಿಹಿ ಕ್ಲೋವರ್ ಗಿಡದ ಬೂಷ್ಟು ಹಿಡಿದ ಒಣಮೇವು ತಿಂದ ದನಗಳು ರಕ್ತ ಸುರಿದು ಸಾಯುವುದೇಕೆಂದು ಹುಡುಕುತ್ತಿದ್ದ. ಅಲ್ಲಿ ಸಿಕ್ಕಿದ್ದು ಅದೇ ವಿಟಮಿನ್ನನ್ನು ಅಡ್ಡಗಟ್ಟುವ ವಸ್ತು. ಇಂದು ಹೃದ್ರೋಗಿಗಳು ನುಂಗುವ ವಾರ್ಫರಿನ್ ಮಾತ್ರೆ ಆ ಹುಡುಕಾಟದ ಫಲ. ಬೂಷ್ಟು ಹಿಡಿದ ಮೇವನ್ನು ತಿಪ್ಪೆಗೆ ಹಾಕಿ ಎಂದು ಹಿರಿಯರು ಹೇಳುವ ಮಾತಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಕೊನೆಗೆ ನೀರಿನ ಲೆಕ್ಕ. ಇಲ್ಲಿ ಸ್ವಲ್ಪ ನಿಂತು ಗುಣಿಸಿ ನೋಡಬೇಕು.

1910ರ ದಶಕದಲ್ಲಿ ಲೈಮನ್ ಬ್ರಿಗ್ಸ್ ಮತ್ತು ಹೋಮರ್ ಶಾಂಟ್ಜ್ ಎಂಬಿಬ್ಬರು ಕೊಲರಾಡೊದ ಅಕ್ರಾನಿನಲ್ಲಿ ಮುಚ್ಚಳ ಬಿಗಿದ ಡಬ್ಬಿಗಳಲ್ಲಿ ಹತ್ತಾರು ಬೆಳೆಗಳನ್ನು ಬೆಳೆದು, ಡಬ್ಬಿಗಳನ್ನು ತೂಗಿ ತೂಗಿ, ಒಂದು ಕಿಲೊ ಒಣತೂಕಕ್ಕೆ ಯಾವ ಬೆಳೆ ಎಷ್ಟು ನೀರು ಉಸಿರಾಡುತ್ತದೆಂದು ಲೆಕ್ಕಹಾಕಿದರು. ಜೋಳಕ್ಕೆ 320 ಲೀಟರ್ ಆಸುಪಾಸು. ಕುದುರೆ ಮಸಾಲೆಗೆ 830. ಜೋಳ, ನೇಪಿಯರ್, ಮುಸುಕಿನ ಜೋಳಗಳಿಗೆ ಇಂಗಾಲವನ್ನು ಒತ್ತಿ ತುಂಬಿಕೊಳ್ಳುವ ವಿಶೇಷ ವ್ಯವಸ್ಥೆ ಎಲೆಯಲ್ಲಿದೆ. ಹೀಗಾಗಿ ಎಲೆರಂಧ್ರಗಳನ್ನು ಅಷ್ಟಾಗಿ ತೆರೆಯದೆ ಕೆಲಸ ಸಾಗಿಸುತ್ತವೆ. ಕುದುರೆ ಮಸಾಲೆಗೆ ಆ ವ್ಯವಸ್ಥೆಯಿಲ್ಲ. ಅಂಥದೇ ಒಣಹವೆಯಲ್ಲಿ ನಿಮ್ಮ ಹಸುವಿನ ಮುಂದಿನ ಹತ್ತು ಕಿಲೊ ಸೊಪ್ಪಿನ ಹಿಂದೆ 1,600 ಲೀಟರಿಗೂ ಹೆಚ್ಚು ನೀರಿದೆ.

ಇಷ್ಟಕ್ಕೇ ಗಿಡವನ್ನು ದೂರುವುದು ಅನ್ಯಾಯ. ಅದೇ ಎರಡು ಕಿಲೊ ಒಣತೂಕದ ಜೋಳದ ಮೇವಿಗೆ 640 ಲೀಟರ್ ಸಾಕು, ಆದರೆ ಅದರಲ್ಲಿ ಪ್ರೋಟೀನು ಶೇ. 8ರಂತೆ 160 ಗ್ರಾಂ ಮಾತ್ರ. ಒಂದು ಗ್ರಾಂ ಪ್ರೋಟೀನಿಗೆ ಎಷ್ಟು ನೀರು ಎಂದು ಭಾಗಿಸಿದರೆ ಎರಡೂ ನಾಲ್ಕು ಲೀಟರಿನ ಹತ್ತಿರ ಬಂದು ನಿಲ್ಲುತ್ತವೆ. ಮೇಲೆ ಜೋಳಕ್ಕೆ ಯೂರಿಯಾ ಹಾಕಬೇಕು, ಇದಕ್ಕೆ ಬೇಡ. ಪ್ರೋಟೀನಿಗಾಗಿ ಬೆಳೆದರೆ ಕುದುರೆ ಮಸಾಲೆ ನೀರಿಗೆ ನ್ಯಾಯವಾದ ಬೆಲೆಯನ್ನೇ ಕೊಡುತ್ತದೆ. ಹಸುವಿನ ಹೊಟ್ಟೆ ತುಂಬಿಸಲು ಬೆಳೆದರೆ ಮಾತ್ರ ನೀರು ಸೋರಿಹೋಗುತ್ತದೆ. ನಮ್ಮ ಹೆಸರಿನಲ್ಲಿರುವ ಮಸಾಲೆ ಎಂಬ ಪದವನ್ನು ನಾನು ಹೀಗೇ ಓದಿಕೊಳ್ಳುತ್ತೇನೆ. ಮಸಾಲೆಯನ್ನು ಊಟದಂತೆ ಬಡಿಸುವವರಿಲ್ಲ.

ಊಟದಂತೆ ಬಡಿಸಿದ ನಾಡುಗಳ ಗತಿ ಕಣ್ಣೆದುರಿಗಿದೆ. ಸೌದಿ ಅರೇಬಿಯ ಮರುಭೂಮಿಯ ಅಡಿಯ, ಮತ್ತೆ ತುಂಬಿಕೊಳ್ಳದ ಪ್ರಾಚೀನ ಅಂತರ್ಜಲವನ್ನೆತ್ತಿ ಹಸಿರು ವೃತ್ತಗಳಲ್ಲಿ ಇದನ್ನು ಬೆಳೆದು ದೊಡ್ಡ ಡೈರಿಗಳನ್ನು ಕಟ್ಟಿತು. ನೀರು ಪಾತಾಳಕ್ಕಿಳಿದ ಮೇಲೆ ಹಸಿಮೇವಿನ ಬೇಸಾಯವನ್ನೇ ಹಂತಹಂತವಾಗಿ ನಿಲ್ಲಿಸಲು ಸರ್ಕಾರ ಆದೇಶ ಮಾಡಬೇಕಾಯಿತು. ಅಲ್ಲಿನ ಡೈರಿ ಕಂಪನಿ ಅಲ್‌ಮರಾಯ್ 2014ರಲ್ಲಿ ಅಮೆರಿಕದ ಅರಿಜೋನದಲ್ಲಿ ಜಮೀನು ಕೊಂಡು, ಅಲ್ಲಿ ಬೆಳೆದು ಒಣಗಿಸಿದ ಮೇವನ್ನು ಹಡಗಿನಲ್ಲಿ ತರಿಸಿಕೊಳ್ಳತೊಡಗಿತು. ಅರಿಜೋನವೂ ಮರುಭೂಮಿಯೇ. ಅಲ್ಲಿನ ಹಳ್ಳಿಗಳ ಬಾವಿಗಳ ಮಾತು ಎದ್ದು, 2023ರ ಅಕ್ಟೋಬರಿನಲ್ಲಿ ಬಟ್ಲರ್ ಕಣಿವೆಯಲ್ಲಿ ಆ ಕಂಪನಿಯ ಕೈಲಿದ್ದ ಸರ್ಕಾರಿ ಜಮೀನಿನ ಗುತ್ತಿಗೆಗಳನ್ನು ಕೈಬಿಡುವುದಾಗಿ ರಾಜ್ಯಪಾಲೆ ಘೋಷಿಸಿದರು. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿದ್ದನ್ನು ಕಂಡ ನಮಗೆ ಈ ಸುದ್ದಿ ಪರದೇಶದ್ದೆನಿಸಬಾರದು.

ಹಾಗಾದರೆ ಎಷ್ಟು ಬೆಳೆಯಬೇಕು? ಒಳ್ಳೆಯ ಬೇಸಾಯದಲ್ಲಿ ವರ್ಷಕ್ಕೆ ಹೆಕ್ಟೇರಿಗೆ 80 ಟನ್ ಹಸಿಸೊಪ್ಪು. ಅಂದರೆ ಗುಂಟೆಗೆ 800 ಕಿಲೊ, ದಿನಕ್ಕೆ ಎರಡು ಕಿಲೊ ಚಿಲ್ಲರೆ. ಒಂದು ಹಸುವಿಗೆ ದಿನಕ್ಕೆ ಹತ್ತು ಕಿಲೊ ಕೊಡಲು ಐದು ಗುಂಟೆ ಸಾಕು. ಅಕ್ಟೋಬರ್, ನವೆಂಬರ್ ಬಿತ್ತನೆಯ ಕಾಲ. ಅದಕ್ಕೆ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ರಸಸಾರ 6.5ರಿಂದ 7.5ರ ನಡುವೆ ಇರಲಿ. ಮಲೆನಾಡು, ಕರಾವಳಿಯ ಹುಳಿಮಣ್ಣಿನಲ್ಲಿ, ನೀರು ನಿಲ್ಲುವ ಜೌಗಿನಲ್ಲಿ ಈ ಬೆಳೆಯ ಆಸೆಯನ್ನು ಬಿಟ್ಟುಬಿಡಿ. ಬೀಜದಲ್ಲಿ ಕಸ್ಕುಟಾ ಎಂಬ ಎಲೆಯಿಲ್ಲದ ಹಳದಿ ಬಳ್ಳಿಯ ಬೀಜ ಬೆರೆತಿರಬಹುದು. ಒಮ್ಮೆ ಹೊಲಕ್ಕೆ ಬಂದರೆ ಅದು ಗಿಡದಿಂದ ಗಿಡಕ್ಕೆ ಹಬ್ಬಿ ರಸ ಹೀರುತ್ತದೆ. ಬೀಜವನ್ನು ಉಪ್ಪುನೀರಿಗೆ ಸುರಿದು ತೇಲಿದ್ದನ್ನೆಲ್ಲ ತೆಗೆದುಹಾಕಿ, ಮುಳುಗಿದ್ದನ್ನು ಸಿಹಿನೀರಿನಲ್ಲಿ ತೊಳೆದು, ಬೆಲ್ಲದ ಪಾಕದಲ್ಲಿ ಲೂಸರ್ನ್‌ನದೇ ರೈಜೋಬಿಯಂ ಹಚ್ಚಿ ನೆರಳಿನಲ್ಲಿ ಆರಿಸಿ. ಎಕರೆಗೆ ಎಂಟು ಕಿಲೊ ಬೀಜ, ಐದು ಗುಂಟೆಗೆ ಒಂದು ಕಿಲೊ. ಅಡಿಗೊಂದು ಸಾಲು.

ನೀರಿರುವ ರೈತರಲ್ಲಿ ನನ್ನ ಕೋರಿಕೆ ಒಂದೇ. ಹಸುವಿಗೆ ಐದು ಗುಂಟೆಯಂತೆ ಎಣಿಸಿ ಬಿತ್ತಿ, ಆರನೆಯ ಗುಂಟೆಗೆ ಹೋಗುವ ನೀರನ್ನು ಬಾವಿಯಲ್ಲೇ ಬಿಡಿ.